ಗಾಳಿಯಲ್ಲಿ ಬಂದ ಜಪಾನೀ ಪಾಠ



ಹೋದ ತಿಂಗಳು ನಮ್ಮ ಕನ್ನಡ ಅವಧಿಗೆ ಒಂದು ಫೋನ್ ಕರೆ ಬಂದಿತ್ತು. ನಿಮ್ಮಲ್ಲಿ ಕೆಲವರು ಕೇಳಿಸಿಕೊಂಡಿರಬಹುದು. ಒರಗಡಂ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ. ಊರು ತುಮಕೂರಿನ ಹತ್ತಿರ. ಹಾಡು ಕೇಳುವುದಕ್ಕೆ ಮಾಡಿರುತ್ತಾರೆ ಅಂದುಕೊಂಡು ನಾನು ಪಟ್ಟಿ ಮುಂದಿಟ್ಟುಕೊಂಡೆ. "ಹಾಡು ಬೇಡ ಮೇಡಂ, ಒಂದು ವಿಷಯ ಕೇಳ್ಬೇಕಿತ್ತು" ಅಂದರು. ಜಪಾನಿಗೆ ಹೋಗುವ ಅವಕಾಶ ಇದೆ, ಅದಕ್ಕೆ ಭಾಷೆ ಕಲಿಯಬೇಕು. ಇಂಟರ್‌ನೆಟ್ಟಿನಲ್ಲಿ ಪಾಠಗಳು ಬೇಕಾದಷ್ಟಿವೆ, ಹಲವು ಪುಕ್ಕಟೆ ಕೂಡ. "ಆದ್ರೆ ಎಲ್ಲಾ ಇಂಗ್ಲಿಷಲ್ಲಿದೆ ಮೇಡಂ. ನಾನು ಐಟಿಐ ಓದಿದವ್ನು. ಮೊದ್ಲು ಇಂಗ್ಲಿಷ್ ಅರ್ಥ ಮಾಡ್ಕೊಂಡು, ಆಮೇಲೆ ಜಪಾನಿ ಅರ್ಥ ಮಾಡ್ಕೋಬೇಕು. ಎರಡು ಪಾಠ ಆಗುತ್ತೆ. ಕನ್ನಡದಲ್ಲಿ ಯಾರೂ ಹೇಳ್ಕೊಡಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. "ವಿಚಾರಿಸಿ ಹೇಳ್ತೀನಿ" ಅಂದು ಮುಂದಿನ ಹಾಡಿಗೆ ಹೋದೆ. ಪ್ರಸಾರ ಮುಗಿದ ಮೇಲೆ ಮನಸ್ಸಿಗೆ ಸರಿ ಬರಲಿಲ್ಲ. ಈ ಬರಹ ಆ 'ವಿಚಾರಿಸಿ ಹೇಳ್ತೀನಿ'ಯ ಬಾಕಿ.

ಹುಡುಕುತ್ತಾ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮದೇ ವೃತ್ತಿಯ ಒಂದು ಸಂಗತಿ. ಇಂದು ಪರದೆಯ ಮೇಲೆ ನಡೆಯುವ ಈ ದೂರದ ಪಾಠಕ್ಕೆ ರೇಡಿಯೋ ಹಿರಿಯಕ್ಕ. ಜಪಾನಿನಲ್ಲಿ ಬಾನುಲಿ ಪ್ರಸಾರ ಶುರುವಾದದ್ದು 1925ರ ಮಾರ್ಚ್ 22ರಂದು. ಅದೇ ವರ್ಷ ಜುಲೈ ಹೊತ್ತಿಗೆ ಅಲ್ಲಿ ಇಂಗ್ಲಿಷ್ ಪಾಠ ಪ್ರಸಾರವಾಗತೊಡಗಿತ್ತು. ರೇಡಿಯೋ ಅಂದರೆ ಸಂಗೀತ, ಸುದ್ದಿ ಅಂತ ನಾವು ತಿಳಿದಿದ್ದೇವೆ. ಅವರು ನಾಲ್ಕು ತಿಂಗಳಲ್ಲೇ ಅದನ್ನು ಮೇಷ್ಟ್ರನ್ನಾಗಿ ಮಾಡಿಕೊಂಡಿದ್ದರು. ಹೊರದೇಶಗಳಿಗೆ ಅವರ ಪ್ರಸಾರ ಆರಂಭವಾದದ್ದು 1935ರ ಜೂನ್ 1ರಂದು. ದಿನಕ್ಕೆ ಒಂದು ಗಂಟೆ, ಹವಾಯಿ ಮತ್ತು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿದ್ದ ಜಪಾನೀಯರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು. ಅದೇ 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಆ ಮನೆಯ ರೇಡಿಯೋಗಾಗಿ. ಎರಡಕ್ಕೂ ಸಂಬಂಧವೇನೂ ಇಲ್ಲ ಬಿಡಿ. ಆದರೂ ಒಂದೇ ವರ್ಷದಲ್ಲಿ, ಮೂರು ತಿಂಗಳ ಅಂತರದಲ್ಲಿ ಹುಟ್ಟಿದ ಎರಡು ದನಿಗಳು ಎನ್ನುವುದು ನನಗೆ ಇಷ್ಟವಾಯಿತು.

ಮುಂದಿನ ಏಳೆಂಟು ವರ್ಷಗಳ ಕಥೆ ಇಷ್ಟು ಹಿತವಾದದ್ದಲ್ಲ. ನಮ್ಮ ಈ ಊರಿಗೆ ಜಪಾನ್ ಎಂಬ ಹೆಸರು ಮೊದಲು ಗಾಢವಾಗಿ ಮುಟ್ಟಿದ್ದು ಭಯವಾಗಿ. 1942ರ ಏಪ್ರಿಲ್ 5ರಂದು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಜಪಾನೀ ವಿಮಾನಗಳು ಬಾಂಬು ಹಾಕಿದವು. ಮುಂದಿನ ಸರದಿ ಮದರಾಸಿನದೇ ಎಂದು ಎಲ್ಲರೂ ನಂಬಿದರು. ಸರ್ಕಾರಿ ಕಚೇರಿಗಳು ಒಳನಾಡಿಗೆ ಹೊರಟವು. ಜನ ಗಂಟುಮೂಟೆ ಕಟ್ಟಿ ಸಿಕ್ಕ ರೈಲು ಹತ್ತಿದರು. ಪೀಪಲ್ಸ್ ಪಾರ್ಕಿನ ಮೃಗಾಲಯದಲ್ಲಿದ್ದ ಕ್ರೂರ ಪ್ರಾಣಿಗಳನ್ನು, ಬಾಂಬು ಬಿದ್ದರೆ ಬೋನು ಒಡೆದು ಬೀದಿಗೆ ಬಂದಾವೆಂದು, ಗುಂಡಿಟ್ಟು ಕೊಂದರು. ಮದರಾಸಿನ ಹಳೆಯ ಕನ್ನಡ ಮನೆಗಳಲ್ಲಿ 'ಇವ್ಯಾಕ್ಯುಯೇಶನ್ ವರ್ಷ' ಅಂತ ಅಜ್ಜಿಯರು ಹೇಳುತ್ತಿದ್ದುದು ಇದನ್ನೇ.

ಅದೇ ಹೊತ್ತಿಗೆ ಸಮುದ್ರದಾಚೆ ಜಪಾನೀ ಭಾಷೆಯ ಪಾಠ ಜೋರಾಗಿ ನಡೆಯುತ್ತಿತ್ತು. ಕಲಿಯುವವರು ಕೇಳಿಕೊಂಡ ಪಾಠವಲ್ಲ ಅದು. ತೈವಾನ್ 1895ರಿಂದ, ಕೊರಿಯಾ 1910ರಿಂದ ಜಪಾನಿನ ಆಳ್ವಿಕೆಯಲ್ಲಿದ್ದವು. ಅಲ್ಲಿನ ಶಾಲೆಗಳಲ್ಲಿ ಜಪಾನೀ ಹೇರಿಕೆಯಾಯಿತು. 1942ರಲ್ಲಿ ಸಿಂಗಪುರ ಬಿದ್ದ ಮೇಲೆ ಅಲ್ಲಿಯೂ 'ನಿಪ್ಪೊನ್‌ಗೊ' ಕಲಿಯಿರಿ ಎಂಬ ಆಜ್ಞೆ ಬಂತು. ಶಾಲೆಗಳಲ್ಲಿ, ಪತ್ರಿಕೆಗಳ ಪುಟಗಳಲ್ಲಿ ದಿನಕ್ಕಿಷ್ಟು ಪದ. ಮೂರೂವರೆ ವರ್ಷ ನಡೆದು 1945ರಲ್ಲಿ ಸೋಲಿನೊಂದಿಗೆ ಅದು ಮುಗಿಯಿತು. ಹೊರದೇಶಗಳ ಪ್ರಸಾರವೂ ನಿಂತಿತು.

ಸೋತ ದೇಶ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಏನು ಗೊತ್ತೇ? ರೇಡಿಯೋ ಮುಂದೆ ಕುಳಿತು ಗೆದ್ದವರ ಭಾಷೆ ಕಲಿತದ್ದು. 1946ರ ಫೆಬ್ರವರಿಯಿಂದ ಹಿರಕಾವ ತದಾಯಿಚಿ ಎಂಬುವರು ನಡೆಸಿಕೊಟ್ಟ ಹದಿನೈದು ನಿಮಿಷಗಳ ಇಂಗ್ಲಿಷ್ ಪಾಠ ಮನೆಮಾತಾಯಿತು. ಮಕ್ಕಳೆಲ್ಲ ಬಾಯಿಪಾಠ ಬಲ್ಲ ಒಂದು ಶಿಶುಗೀತೆಯ ಧಾಟಿಗೆ 'ಕಮ್ ಕಮ್ ಎವ್ರಿಬಡಿ' ಎಂದು ಇಂಗ್ಲಿಷ್ ಮಾತು ಕೂಡಿಸಿ ಹಾಡುತ್ತಿದ್ದರು. ಅಲ್ಲಿಯವರು ಅದನ್ನು ಮರೆತಿಲ್ಲ. 2021ರಲ್ಲಿ ಎನ್‌ಎಚ್‌ಕೆ ಅದೇ ಹಾಡಿನ ಮಾತನ್ನೇ ಹೆಸರಾಗಿಟ್ಟು, ರೇಡಿಯೋ ಇಂಗ್ಲಿಷ್ ಕೇಳುತ್ತಾ ಬೆಳೆದ ಮೂರು ತಲೆಮಾರಿನ ಹೆಣ್ಣುಮಕ್ಕಳ ಧಾರಾವಾಹಿ ಮಾಡಿತು. ನಮ್ಮಂಥ ಉದ್ಘೋಷಕರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇಲ್ಲ ಅಂತ ನನ್ನ ಅಭಿಪ್ರಾಯ.

1952ರ ಫೆಬ್ರವರಿ 1ರಂದು ಜಪಾನಿನ ಹೊರದೇಶ ಪ್ರಸಾರ ಮತ್ತೆ ಆರಂಭವಾಯಿತು. 'ರೇಡಿಯೋ ಜಪಾನ್' ಹೆಸರು ನಿಮ್ಮ ಮನೆಯ ಹಿರಿಯರಿಗೆ ನೆನಪಿದ್ದೀತು. ಶಾರ್ಟ್‌ವೇವ್ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಸಿಲೋನು, ಬಿಬಿಸಿ, ಮಾಸ್ಕೋ ದಾಟಿ, ಕೊರಕೊರ ಸದ್ದಿನ ನಡುವೆ ಟೋಕಿಯೋ ಹಿಡಿಯುವುದು ಒಂದು ಹವ್ಯಾಸವಾಗಿತ್ತು. ಕೇಳಿದ್ದಕ್ಕೆ ಕಾಗದ ಬರೆದರೆ ಚಿತ್ರದ ಕಾರ್ಡು ಅಂಚೆಯಲ್ಲಿ ಬರುತ್ತಿತ್ತು. ಪ್ರಸಾರದಲ್ಲಿ ಜಪಾನೀ ಪಾಠವೂ ಇರುತ್ತಿತ್ತು, ಅದಕ್ಕೆ ಕಿರುಪುಸ್ತಕವೂ ಇತ್ತು. ಈ ಸಲದ ಪಾಠ ಆಜ್ಞೆಯಲ್ಲ. ಬೇಕಾದವರು ಕೇಳಬಹುದು, ಬೇಡವಾದರೆ ಮುಳ್ಳು ತಿರುಗಿಸಬಹುದು. ಹತ್ತೇ ವರ್ಷದ ಹಿಂದೆ ಯಾವ ದನಿಗೆ ಊರೇ ಖಾಲಿಯಾಗಿತ್ತೋ ಅದೇ ದನಿ ಈಗ 'ನಮಸ್ಕಾರ, ಹೇಗಿದ್ದೀರಿ' ಹೇಳಿಕೊಡುತ್ತಿತ್ತು.

ಚೆನ್ನೈಗೆ ಜಪಾನೀ ಭಾಷೆ ಮನುಷ್ಯರ ಮೂಲಕ ಬಂದದ್ದು ಕಾರ್ಖಾನೆಯ ದಾರಿಯಲ್ಲಿ. 1959ರಲ್ಲಿ ಟೋಕಿಯೋದಲ್ಲಿ ಎಒಟಿಎಸ್ ಎಂಬ ಸಂಸ್ಥೆ ಹುಟ್ಟಿತು. ಏಷ್ಯಾ, ಆಫ್ರಿಕಾದ ತಂತ್ರಜ್ಞರನ್ನು ಜಪಾನಿಗೆ ಕರೆಸಿ ತರಬೇತಿ ಕೊಡುವುದು ಅದರ ಕೆಲಸ. ಹಾಗೆ ಬಂದವರಿಗೆ, ಓದಲು ಬಂದ ಏಷ್ಯಾದ ವಿದ್ಯಾರ್ಥಿಗಳಿಗೆ ಮನೆಯಂತಿದ್ದದ್ದು ಏಷ್ಯಾ ಬುಂಕಾ ಕೈಕಾನ್, ಅಂದರೆ ಏಷ್ಯಾ ಸಂಸ್ಕೃತಿ ಭವನ. ಎರಡರ ಹಿಂದೆಯೂ ಇದ್ದವರು ಹೊಜುಮಿ ಗೊಯಿಚಿ. ತರಬೇತಿ ಮುಗಿಸಿ ಊರಿಗೆ ಮರಳಿದವರು ಅಲ್ಲಲ್ಲಿ 'ದೋಸೋಕೈ', ಹಳೆಯ ವಿದ್ಯಾರ್ಥಿ ಸಂಘ, ಕಟ್ಟಿಕೊಂಡರು. ಅಮಿಂಜಿಕರೈಯ ಎಬಿಕೆ-ಎಒಟಿಎಸ್ ದೋಸೋಕೈ ಹೀಗೆ ಬಂದದ್ದು. ಜಪಾನಿನ ಶಾಪ್ ಫ್ಲೋರಿನಲ್ಲಿ ಕೆಲಸ ಕಲಿತ ನಮ್ಮವರೇ ಇಲ್ಲಿ ಭಾಷೆಯ ತರಗತಿಗೂ ಬಾಗಿಲು ತೆಗೆದರು. ಚೆನ್ನೈನಲ್ಲಿ ಜಪಾನೀ ಕಲಿತವರನ್ನು ಎಲ್ಲಿ ಕಲಿತಿರಿ ಎಂದು ಕೇಳಿ ನೋಡಿ, ಹೆಚ್ಚಿನವರು ಆ ಹೆಸರು ಹೇಳುತ್ತಾರೆ.

ಆ ತರಬೇತಿದಾರರಿಗಾಗಿಯೇ ಎಒಟಿಎಸ್ ಪಠ್ಯಪುಸ್ತಕ ಮಾಡಿತು. 1990ರ 'ಶಿನ್ ನಿಹೊಂಗೊ ನೊ ಕಿಸೊ' ಅದರ ಹೊಸ ರೂಪ. ಅದರ ಪಾಠಗಳಲ್ಲಿ 'ರಾವ್' ಎಂಬ ತರಬೇತಿದಾರ ಬರುತ್ತಾನೆ. 'ನಾನು ರಾವ್' ಎಂದು ಪರಿಚಯ ಹೇಳಿಕೊಳ್ಳುತ್ತಾನೆ. ಹೆಸರು ಕೇಳಿದರೆ ನಮ್ಮ ಉಡುಪಿಯವನೋ ಧಾರವಾಡದವನೋ ಅನ್ನಿಸದೆ ಇರುವುದಿಲ್ಲ! 1998ರಲ್ಲಿ ಅದೇ ಬಳಗದಿಂದ ಎಲ್ಲರಿಗೂ ಹೊಂದುವಂಥ 'ಮಿನ್ನ ನೊ ನಿಹೊಂಗೊ' ಬಂತು. ಇಂದು ಜಗತ್ತಿನ ಅರ್ಧ ತರಗತಿಗಳಲ್ಲಿ ಅದೇ ಪುಸ್ತಕವೇನೋ ಅನ್ನಿಸುತ್ತದೆ. ಜೆಎಲ್‌ಪಿಟಿ ಪರೀಕ್ಷೆ 1984ರಲ್ಲಿ ಹದಿನೈದು ದೇಶಗಳಲ್ಲಿ ಸುಮಾರು ಏಳು ಸಾವಿರ ಮಂದಿಯೊಂದಿಗೆ ಆರಂಭವಾಯಿತು. 2010ರಿಂದ ಅದರಲ್ಲಿ ಐದು ಮೆಟ್ಟಿಲು, ಎನ್5ರಿಂದ ಎನ್1ರವರೆಗೆ. ಚೆನ್ನೈಯೂ ಅದರ ಕೇಂದ್ರಗಳಲ್ಲಿ ಒಂದು.

ನಮ್ಮಲ್ಲಿ ಹಂಬಲ ಬೆಳೆದದ್ದಕ್ಕೆ ಕಾರಣ ಹೇಳಬೇಕಿಲ್ಲ. ಬಿಡದಿಯಲ್ಲಿ ಟೊಯೊಟಾ ಕಾರು ತಯಾರಿಕೆ 1999ರಲ್ಲಿ ಆರಂಭವಾಯಿತು. 2010ರಲ್ಲಿ ಒರಗಡಂನಲ್ಲಿ ರೆನೋ-ನಿಸ್ಸಾನ್ ಕಾರ್ಖಾನೆ ಬಂತು. ಸುತ್ತ ಬಿಡಿಭಾಗದ ಕಂಪನಿಗಳು ಸಾಲುಗಟ್ಟಿದವು. ಜಪಾನ್ ಫೌಂಡೇಶನ್ನಿನ ಸಮೀಕ್ಷೆಯ ಪ್ರಕಾರ 2015ರಲ್ಲಿ ಭಾರತದಲ್ಲಿ ಸಂಸ್ಥೆಗಳಲ್ಲಿ ಜಪಾನೀ ಕಲಿಯುತ್ತಿದ್ದವರು ಸುಮಾರು 24,000. 2018ಕ್ಕೆ ಸುಮಾರು 38,000. 2019ರಲ್ಲಿ ಜಪಾನ್ ಕುಶಲ ಕೆಲಸಗಾರರಿಗೆಂದೇ ಹೊಸ ವೀಸಾ ತೆರೆಯಿತು, 2021ರ ಜನವರಿಯಲ್ಲಿ ಭಾರತದ ಜತೆ ಅದರ ಒಪ್ಪಂದವಾಯಿತು. ಮುಪ್ಪಿನವರ ಆರೈಕೆ, ಕಾರ್ಖಾನೆ, ಬೇಸಾಯ ಹೀಗೆ ಹಲವು ಕೆಲಸಗಳು. 2025ರ ಆಗಸ್ಟಿನಲ್ಲಿ ಎರಡೂ ಸರ್ಕಾರಗಳು ಐದು ವರ್ಷಗಳಲ್ಲಿ 50,000 ಕುಶಲ ಭಾರತೀಯರನ್ನು ಜಪಾನಿಗೆ ಕಳಿಸುವ ಗುರಿ ಹೇಳಿದವು. ಈ ಐವತ್ತು ಸಾವಿರದಲ್ಲಿ ಇಂಗ್ಲಿಷ್ ಮಾಧ್ಯಮದ ಎಂಜಿನಿಯರುಗಳು ಎಷ್ಟು, ನಮಗೆ ಫೋನ್ ಮಾಡಿದಂಥ ಐಟಿಐ ಹುಡುಗರು, ನರ್ಸಿಂಗ್ ಓದಿದ ಹಳ್ಳಿಯ ಹೆಣ್ಣುಮಕ್ಕಳು ಎಷ್ಟು? ನೀವೇ ಯೋಚಿಸಿ.

ಈಗ ಪರದೆಯ ಪಾಠಕ್ಕೆ ಬರೋಣ. 2010ರಲ್ಲಿ ಜಪಾನ್ ಫೌಂಡೇಶನ್ 'ಎರಿನ್' ಎಂಬ ಹುಡುಗಿಯ ಟೀವಿ ಪಾಠವನ್ನು ಅಂತರ್ಜಾಲಕ್ಕೆ ತಂದಿತು. 2015ರಲ್ಲಿ ಎನ್‌ಎಚ್‌ಕೆ 'ಆನ್ನಾ' ಎಂಬ ಥಾಯ್ ವಿದ್ಯಾರ್ಥಿನಿಯ ಕಥೆ ಹೆಣೆದು 48 ಪುಟ್ಟ ರೇಡಿಯೋ ಪಾಠ ಮಾಡಿತು. ಪ್ರಸಾರದಲ್ಲೂ ಕೇಳಬಹುದಿತ್ತು, ಇಳಿಸಿಕೊಂಡೂ ಕೇಳಬಹುದಿತ್ತು. 2016ರಲ್ಲಿ 'ಮಿನಾತೊ' ಬಂತು. ಮಿನಾತೊ ಅಂದರೆ ಬಂದರು. ಹೆಸರು ಹಾಕಿಸಿಕೊಂಡು, ಮನೆಯಲ್ಲೇ ಕುಳಿತು, ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ವ್ಯವಸ್ಥೆ. ನಮ್ಮ ಹಳೆಯ ಶಾರ್ಟ್‌ವೇವ್ ಕೇಳುಗನಿಗೆ ಇದನ್ನು ತೋರಿಸಿದ್ದರೆ ಕಣ್ಣುಜ್ಜಿಕೊಳ್ಳುತ್ತಿದ್ದ.

ಆದರೆ ಪರದೆಯ ಪಾಠ ನಿಜವಾಗಿ ಮನೆಯೊಳಕ್ಕೆ ನುಗ್ಗಿದ್ದು 2020ರಲ್ಲಿ. ಮಾರ್ಚ್ 25ಕ್ಕೆ ದೇಶವೇ ಮುಚ್ಚಿತು. ಜುಲೈ ತಿಂಗಳ ಜೆಎಲ್‌ಪಿಟಿ ಜಗತ್ತಿನಾದ್ಯಂತ ರದ್ದಾಯಿತು. ತರಗತಿಗಳೆಲ್ಲ ಮೊಬೈಲಿಗೆ ಬಂದವು. ನನ್ನ ಚಿಕ್ಕಮ್ಮನ ಮಗಳು ವೇಳಚೇರಿಯಲ್ಲಿದ್ದಾಳೆ. ಅವಳು ಟೋಕಿಯೋದ ಒಂದು ಭಾಷಾ ಶಾಲೆಗೆ ಸೇರಿ ಹಣವನ್ನೂ ಕಟ್ಟಿದ್ದಳು. ಹೊಸ ವಿದ್ಯಾರ್ಥಿಗಳಿಗೆ ಜಪಾನಿನ ಬಾಗಿಲು, ನಡುವೆ ಒಂದಿಷ್ಟು ತೆರೆದು ಮುಚ್ಚಿದ್ದು ಬಿಟ್ಟರೆ, 2022ರ ಮಾರ್ಚ್‌ವರೆಗೂ ತೆರೆಯಲಿಲ್ಲ. ಅಷ್ಟೂ ಕಾಲ ಪಾಠ ಮನೆಯಿಂದಲೇ. ಅವರ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿನ ಒಂಬತ್ತರ ತರಗತಿ ಇಲ್ಲಿ ಬೆಳಗಿನ ಜಾವ ಐದೂವರೆಗೆ. ಬೀದಿ ಕೊನೆಯ ಗುಡಿಯ ಸುಪ್ರಭಾತ, ಹಾಲಿನವನ ಸೈಕಲ್ ಗಂಟೆ, ಪಕ್ಕದ ಮನೆಯ ಬೋರ್‌ವೆಲ್ ಮೋಟಾರು. ಅದಕ್ಕೇ ಅವಳ ಮೈಕ್ ಸದಾ ಬಂದ್.

ಒಂದು ದಿನ ಅವಳ ಟೀಚರ್ ಬೇಸರದಿಂದ ಹೇಳಿದರಂತೆ, ನೀವು ಯಾರೂ 'ಐಜುಚಿ' ಹಾಕುತ್ತಿಲ್ಲ, ನನಗೆ ಗೋಡೆಗೆ ಪಾಠ ಮಾಡಿದ ಹಾಗಾಗಿದೆ. ಐಜುಚಿ ಅಂದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುನಡುವೆ 'ಹಾಯ್', 'ಏ' ಎನ್ನುತ್ತಾ ಹೋಗುವುದು. ಕುಲುಮೆಯಲ್ಲಿ ಇಬ್ಬರು ಕಮ್ಮಾರರು ಸರದಿಯಲ್ಲಿ ಸುತ್ತಿಗೆ ಬಡಿಯುತ್ತಾರಲ್ಲ, ಆ ಎರಡನೆಯ ಸುತ್ತಿಗೆ ಎಂದು ಪದದ ಮೂಲ. "ಅಕ್ಕಾ, ಅದಕ್ಕೆ ಇಂಗ್ಲಿಷಲ್ಲಿ ನೋಟ್ಸ್‌ನಲ್ಲಿ ಎರಡು ಸಾಲು ವಿವರಣೆ ಕೊಟ್ಟಿದಾರೆ" ಅಂತ ತೋರಿಸಿದಳು. ನಾನು ನಕ್ಕೆ. "ಇದಕ್ಕೆ ಎರಡು ಸಾಲು ಯಾಕೆ? ಹೂಂಗುಟ್ಟೋದು ಅಂದ್ರೆ ಮುಗೀತಲ್ಲ!" ನಮ್ಮ ಅಜ್ಜಿಯರು ಕಥೆ ಹೇಳುವಾಗ ಹೂಂ ಅನ್ನದಿದ್ದರೆ ಕಥೆ ನಿಲ್ಲಿಸಿಬಿಡುತ್ತಿದ್ದರು. ಆ ಟೀಚರಿನ ಕಷ್ಟ ನನಗೂ ಗೊತ್ತು. ಸ್ಟುಡಿಯೋದಲ್ಲಿ ಕುಳಿತು ಮಾತಾಡುವವರಿಗೆ ನಿಮ್ಮ ಹೂಂ ಕೇಳಿಸುವುದೇ ಇಲ್ಲ.

ನಮ್ಮ ಹುಡುಗನ ಪ್ರಶ್ನೆಗೆ ನಾನು ಹುಡುಕುತ್ತಿದ್ದ ಉತ್ತರದ ತುದಿ ಈ ಹೂಂನಲ್ಲಿ ಸಿಕ್ಕಿತು. ಎನ್‌ಎಚ್‌ಕೆಯ ಆನ್ನಾ ಪಾಠಗಳನ್ನು ಹದಿನೈದಕ್ಕೂ ಹೆಚ್ಚು ಭಾಷೆಗಳ ಮೂಲಕ ಹೇಳಿಕೊಟ್ಟರು. ಅದರಲ್ಲಿ ಹಿಂದಿ ಇದೆ, ಬಂಗಾಳಿ ಇದೆ, ಉರ್ದು ಇದೆ. ದಕ್ಷಿಣದ ನಮ್ಮ ನಾಲ್ಕು ಭಾಷೆಗಳಲ್ಲಿ ಒಂದೂ ಇಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ, ಅವರ ಪ್ರಸಾರ ಇರುವ ಭಾಷೆಗಳಲ್ಲಿ ಪಾಠ ಮಾಡಿದರು. ನಷ್ಟ ಮಾತ್ರ ನಮ್ಮದು. ಯಾಕೆಂದರೆ ಜಪಾನೀ ಕಲಿಯಲು ಇಂಗ್ಲಿಷಿಗಿಂತ, ಹಿಂದಿಗಿಂತ ಒಳ್ಳೆಯ ಏಣಿ ಕನ್ನಡ. ಅತಿಶಯೋಕ್ತಿ ಅಂತ ಅಂದುಕೊಂಡಿರಾ? ಸ್ವಲ್ಪ ತಾಳ್ಮೆಯಿಂದ ಕೇಳಿ.

'ನಿನ್ನೆ ನಾನು ಓದಿದ ಪುಸ್ತಕ.' ಇದು ಜಪಾನಿಯಲ್ಲಿ 'ಕಿನೋ ವತಶಿ ಗ ಯೊಂದ ಹೊನ್'. ಕಿನೋ ಅಂದರೆ ನಿನ್ನೆ, ವತಶಿ ಗ ಅಂದರೆ ನಾನು, ಯೊಂದ ಅಂದರೆ ಓದಿದ, ಹೊನ್ ಅಂದರೆ ಪುಸ್ತಕ. ಒಂದು ಪದವನ್ನೂ ಕದಲಿಸಬೇಕಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡಿ. ಪುಸ್ತಕ ಮುಂದಕ್ಕೆ ಓಡುತ್ತದೆ, ನಿನ್ನೆ ಹಿಂದಕ್ಕೆ ಹೋಗುತ್ತದೆ, ನಡುವೆ ಸೇತುವೆಗೆ ಇನ್ನೊಂದು ಪದ ಬೇಕಾಗುತ್ತದೆ. ಇಂಗ್ಲಿಷ್ ಮೂಲಕ ಕಲಿಯುವ ನಮ್ಮ ಹುಡುಗ ತಲೆಯಲ್ಲಿರುವ ಕನ್ನಡ ವಾಕ್ಯವನ್ನು ಮೊದಲು ತಲೆಕೆಳಗು ಮಾಡಿ, ಆಮೇಲೆ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಬೇಕು. ಎರಡು ಪಾಠ ಆಗುತ್ತೆ ಅಂದನಲ್ಲ, ಸರಿಯಾಗಿಯೇ ಹೇಳಿದ.

ಇನ್ನೂ ಸ್ವಾರಸ್ಯ ಇರುವುದು ಕ್ರಿಯಾಪದಗಳ ಜೋಡಿಯಲ್ಲಿ. 'ತಿಂದು ನೋಡು' ಅನ್ನುತ್ತೇವೆ. ತಿನ್ನುವುದು ನಾಲಿಗೆ, ನೋಡುವುದು ಕಣ್ಣು, ಆದರೂ ಯಾರಿಗೂ ಗೊಂದಲವಿಲ್ಲ. ಜಪಾನೀಯರೂ 'ತಬೆತೆ ಮಿರು' ಅನ್ನುತ್ತಾರೆ. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. 'ಬರೆದಿಡು' ಎಂಬುದಕ್ಕೆ 'ಕಾಇತೆ ಒಕು', ಬರೆದು ಇಡು. 'ತಿಂದುಬಿಡು' ಎಂಬಲ್ಲಿನ ಬಿಡುವಿನ ಕೆಲಸಕ್ಕೆ ಅವರಲ್ಲಿ 'ಶಿಮಾವು'. 'ಬರ್ತೀನಿ ಅಂತ ಹೇಳ್ದ' ಎಂಬುದಕ್ಕೆ 'ಕುರು ತೊ ಇತ್ತ', ನಮ್ಮ 'ಅಂತ' ಇದ್ದ ಜಾಗದಲ್ಲಿ ಅವರ 'ತೊ'. 'ಯಾರು' ಅಂದರೆ 'ದರೆ', 'ಯಾರೋ' ಅಂದರೆ 'ದರೆಕ', 'ಯಾರೂ' ಅಂದರೆ 'ದರೆಮೊ'. ನಮ್ಮ ಒಂದು ಓಕಾರ, ಒಂದು ಊಕಾರ ಮಾಡುವ ಕೆಲಸವನ್ನು ಇಂಗ್ಲಿಷ್ ವ್ಯಾಕರಣದ ಪುಸ್ತಕ ಒಂದು ಪುಟ ವಿವರಿಸುತ್ತದೆ. ಮನೆಯಿಂದ ಹೊರಡುವಾಗ ನಾವು 'ಹೋಗ್ತೀನಿ' ಅನ್ನುವುದಿಲ್ಲ, ಅಪಶಕುನ. 'ಹೋಗಿ ಬರ್ತೀನಿ' ಅನ್ನುತ್ತೇವೆ. ಅವರು ಬಾಗಿಲಲ್ಲಿ ನಿಂತು ಅನ್ನುವುದು 'ಇತ್ತೆ ಕಿಮಸು'. ಪದಕ್ಕೆ ಪದ, ಹೋಗಿ ಬರ್ತೀನಿ. ಒಳಗಿನಿಂದ ಬರುವ ಉತ್ತರ 'ಇತ್ತೆರಸ್ಶಾಯ್', ಹೋಗಿ ಬಾ.

ತಮಿಳಿನಲ್ಲೂ ಇದೆಲ್ಲ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. 'ಪೋಯ್ಟ್ಟು ವರೇನ್' ದಿನವೂ ಕಿವಿಗೆ ಬೀಳುತ್ತದೆ. ಜಪಾನಿನ ವಿದ್ವಾಂಸ ಓನೊ ಸುಸುಮು (1919–2008) ತಮಿಳಿಗೂ ಜಪಾನಿಗೂ ರಕ್ತಸಂಬಂಧವೇ ಇದೆ ಎಂದು ವಾದಿಸಿದರು. ಮದರಾಸಿನ ಪೊನ್ ಕೋದಂಡರಾಮನ್ ಅವರಂಥ ತಮಿಳು ವಿದ್ವಾಂಸರ ಜತೆ ವರ್ಷಗಟ್ಟಲೆ ಕೆಲಸ ಮಾಡಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಬಿ.ಎ.ಯಲ್ಲಿ ಒಂದು ಪತ್ರಿಕೆಯಷ್ಟು ಭಾಷಾಶಾಸ್ತ್ರ ಓದಿದ ನನಗೂ ಅದು ನಂಬುವಂತೆ ಕಾಣುವುದಿಲ್ಲ. ಕೊರಿಯನ್ನಿನಲ್ಲೂ, ತುರ್ಕಿಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಮನೆಯ ಕಟ್ಟಡ ಒಂದೇ ಥರ ಇದ್ದ ಮಾತ್ರಕ್ಕೆ ದಾಯಾದಿಗಳಾಗುವುದಿಲ್ಲ. ಆದರೆ ಕಟ್ಟಡ ಒಂದೇ ಥರ ಇದ್ದರೆ ಕತ್ತಲೆಯಲ್ಲೂ ಅಡುಗೆಮನೆ ಎಲ್ಲಿದೆ ಅಂತ ಗೊತ್ತಾಗುತ್ತದೆ, ಅಲ್ಲವೇ? ಕಲಿಯುವವನಿಗೆ ಬೇಕಾದದ್ದು ಅಷ್ಟೇ.

ಲಿಪಿಯ ವಿಷಯಕ್ಕೆ ಬಂದರೆ ಕನ್ನಡಕ್ಕೆ ಇನ್ನೂ ಒಂದು ಹೆಜ್ಜೆ ಮುಂದು. ಜಪಾನಿಯಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬೇರೆ. 'ಒಬಸನ್' ಅಂದರೆ ಅತ್ತೆ, ಚಿಕ್ಕಮ್ಮ. 'ಒಬಾಸನ್' ಅಂದರೆ ಅಜ್ಜಿ. ಚಿಕ್ಕಮ್ಮನನ್ನು ಅಜ್ಜಿ ಅಂದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. 'ಕೊಕೊ' ಅಂದರೆ ಇಲ್ಲಿ, 'ಕೋಕೋ' ಅಂದರೆ ಹೈಸ್ಕೂಲು. ಹಿಂದಿಯಲ್ಲಿ ಒ, ಓ ಎಂಬ ಎರಡು ಅಕ್ಷರ ಇಲ್ಲ, ಎ, ಏ ಕೂಡ ಇಲ್ಲ. ತಮಿಳಿನಲ್ಲಿ ಅವು ಇವೆ, ಆದರೆ ಕ, ಗ ಬೇರೆ ಇಲ್ಲ. ಜಪಾನಿಯಲ್ಲಿ 'ಕಿನ್' ಅಂದರೆ ಚಿನ್ನ, 'ಗಿನ್' ಅಂದರೆ ಬೆಳ್ಳಿ. ತಮಿಳಿನಲ್ಲಿ ಬರೆದರೆ ಎರಡೂ ಒಂದೇ. ಕನ್ನಡದಲ್ಲಿ ಎರಡು ಅನುಕೂಲವೂ ಉಂಟು. ಒತ್ತಕ್ಷರವೂ ಉಂಟು. 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆಚೀಟಿ. ಇಂಗ್ಲಿ‌ಷ್ ಕಿವಿಯವರು ಈ ವ್ಯತ್ಯಾಸಕ್ಕೆ ತಿಂಗಳುಗಟ್ಟಲೆ ಒದ್ದಾಡುತ್ತಾರಂತೆ. ಕತೆಗೂ ಕತ್ತೆಗೂ ವ್ಯತ್ಯಾಸ ಬಲ್ಲವರಿಗೆ ಒಂದು ನಿಮಿಷ ಸಾಕು. ಎಲ್ಲವೂ ಸಲೀಸು ಅಂತ ಅಲ್ಲ. ಸ್ವರದ ಏರಿಳಿತ ನಮಗೂ ಹೊಸದೇ. ದಿನಬಳಕೆಗೆಂದು ಗೊತ್ತುಮಾಡಿರುವ ಚಿತ್ರಾಕ್ಷರಗಳು, ಕಾಂಜಿ, 2,136. ಅವಕ್ಕೆ ಯಾವ ಏಣಿಯೂ ಇಲ್ಲ, ಬರೆದೇ ಕಲಿಯಬೇಕು.

ಆದರೆ ಕಾನಾ ಅಕ್ಷರಗಳ ಪಟ್ಟಿ ನೋಡಿ. ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ನೆರಳು ಕಾಣುತ್ತದೆಯೇ? ನೆರಳಲ್ಲ, ಅದೇ. ಬೌದ್ಧ ಸನ್ಯಾಸಿಗಳು ಮಂತ್ರಗಳಿಗಾಗಿ ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿಯುತ್ತಿದ್ದರು. ಹನ್ನೊಂದನೇ ಶತಮಾನದ ಹೊತ್ತಿಗೆ ತಮ್ಮ ಅಕ್ಷರಗಳನ್ನೂ ಅದೇ ಕ್ರಮದಲ್ಲಿ ಜೋಡಿಸತೊಡಗಿದರು. ಚವರ್ಗದ ಜಾಗದಲ್ಲಿ ಸ, ಪವರ್ಗದ ಜಾಗದಲ್ಲಿ ಹ. ಪ ಇರಬೇಕಾದಲ್ಲಿ ಹ ಹೇಗೆ ಬಂತು? ಹಳಗನ್ನಡ ಓದಿದವರು ಥಟ್ಟನೆ ಹೇಳುತ್ತಾರೆ. ನಮ್ಮ ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ! ಜಪಾನಿಯಲ್ಲೂ ಹೂವಿಗೆ ಈಗ 'ಹನ', ಬಹು ಹಿಂದೆ ಅದು 'ಪನ' ಎಂದು ವಿದ್ವಾಂಸರು ಹೇಳುತ್ತಾರೆ. ಪೂವು ಹೂವಾದ ಭಾಷೆಯವರಿಗೆ ಇದಕ್ಕಿಂತ ಏನು ಬೇಕು.

ಬೋಧಿಸೇನ ಎಂಬ ದಕ್ಷಿಣ ಭಾರತದ ಸನ್ಯಾಸಿ 736ರಲ್ಲಿ ಸಮುದ್ರ ದಾಟಿ ಜಪಾನಿಗೆ ಹೋದ. 752ರಲ್ಲಿ ನಾರಾ ನಗರದ ಮಹಾಬುದ್ಧನಿಗೆ ಕಣ್ಣು ಬರೆದವನು ಅವನೇ. ಮರಳಿ ಬರಲಿಲ್ಲ, 760ರಲ್ಲಿ ಅಲ್ಲಿಯೇ ತೀರಿಕೊಂಡ. ಹೊರಡುವಾಗ ಮನೆಯವರಿಗೆ ಹೋಗಿ ಬರ್ತೀನಿ ಅಂದಿದ್ದನೋ ಏನೋ, ಪಾಪ.

ನಮ್ಮ ಹುಡುಗನಿಗೆ ನಾನು ಕಳೆದ ವಾರ ಫೋನ್ ಮಾಡಿ ಇದರಲ್ಲಿ ಅರ್ಧ ಹೇಳಿದೆ. "ಪಾಠ ಕನ್ನಡದಲ್ಲಿ ಸಿಗಲಿಲ್ಲ. ಆದರೆ ನೀವು ನೋಟ್ಸ್ ಕನ್ನಡದಲ್ಲೇ ಬರ್ಕೊಳ್ಳಿ, ಇಂಗ್ಲಿಷ್ ಅಕ್ಷರದಲ್ಲಿ ಬೇಡ, ಇಂಗ್ಲಿಷ್ ವಾಕ್ಯವೂ ಬೇಡ" ಅಂದೆ. ಆ ಕಡೆಯಿಂದ ಒಂದು ನಿಮಿಷ ಸದ್ದಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ. "ಹೂಂ ಮೇಡಂ, ಬರ್ಕೋತಿದೀನಿ" ಅಂದರು. ರೂಮಿನಲ್ಲಿ ಹಾಸನದವರೊಬ್ಬರು, ರಾಯಚೂರಿನವರಿಬ್ಬರು ಇದ್ದಾರಂತೆ, ಅವರಿಗೂ ತೋರಿಸುತ್ತೇನೆ ಅಂದರು.

ಇನ್ನು ನಿಮ್ಮಲ್ಲಿ ಒಂದು ಕೋರಿಕೆ. ರೇಡಿಯೋ ಜಪಾನ್ ಕೇಳುತ್ತಿದ್ದ ತಂದೆ, ದೊಡ್ಡಪ್ಪ, ತಾತ ನಿಮ್ಮ ಮನೆಯಲ್ಲಿದ್ದರೆ, ಅವರು ಬಾಲ್‌ಪೆನ್ನಿನಲ್ಲಿ ಕನ್ನಡ ಅರ್ಥ ಗೀಚಿಟ್ಟ ಹಳೆಯ ಪಾಠದ ಪುಸ್ತಕ, ಟೋಕಿಯೋದಿಂದ ಬಂದ ಕಾರ್ಡು ಅಟ್ಟದ ಮೇಲೆಲ್ಲಾದರೂ ಇದ್ದರೆ, ರದ್ದಿಯವನಿಗೆ ಹಾಕಬೇಡಿ. ಫೋನ್ ಮಾಡಿ ತಿಳಿಸಿ. ಭಾನುವಾರ ನಾನೇ ಬಂದು ನೋಡುತ್ತೇನೆ.